ಕಮ್ಯುನಿಟಿ ಕಾಲೇಜಿನಲ್ಲಿ ಮಸಾಜ್ ಥೆರಪಿ ಕಲಿಯಬೇಕು ಅಂತಿದ್ದೇನೆ. ಮನೆಯಲ್ಲಿ ಯಾರಿಗೂ ಸಮಾಧಾನ ಇಲ್ಲ

ಹೊಸಹಾದಿ (ನೇಪರ್‌ವಿಲ್)

ಎಲ್ಲರಿಗೂ ನಮಸ್ಕಾರ. ನಾವು ಚಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿದ್ದೇವೆ. ನನಗೆ 38. ಊರು ತಿಪಟೂರಿನ ಕಡೆ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಐದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೆ. ಇಲ್ಲಿಗೆ ಬಂದ ಮೇಲೆ ಇಬ್ಬರು ಮಕ್ಕಳಾದರು, ಕೆಲಸ ಅಲ್ಲಿಗೇ ನಿಂತಿತು. ಎಚ್4 ಇಎಡಿ (ಗಂಡನ ಕೆಲಸದ ವೀಸಾದ ಮೇಲೆ ಬಂದವರಿಗೆ ಸಿಗುವ ಕೆಲಸದ ಪರವಾನಗಿ) ಕೈಗೆ ಬಂದು ಎರಡು ವರ್ಷವಾಯಿತು. ಮತ್ತೆ ಲೆಕ್ಕಪತ್ರದ ಕಡೆ ಹೋಗಲು ಮನಸ್ಸು ಬರುತ್ತಿಲ್ಲ.

ಎರಡನೇ ಹೆರಿಗೆಯ ನಂತರ ನನ್ನ ಬಲಭುಜ ಮೇಲಕ್ಕೆ ಏಳುತ್ತಲೇ ಇರಲಿಲ್ಲ. ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಫಿಸಿಯೊ ಕ್ಲಿನಿಕ್ಕಿನಲ್ಲಿದ್ದ ಮಸಾಜ್ ಥೆರಪಿಸ್ಟ್ ಒಬ್ಬರು ವಾರಕ್ಕೊಮ್ಮೆ ನೋಡುತ್ತಿದ್ದರು. ಮೂರು ತಿಂಗಳಲ್ಲಿ ಕೈ ತಲೆಯ ತನಕ ಹೋಯಿತು. ಎಲ್ಲಿ ಕಲಿತಿರಿ ಅಂತ ಕೇಳಿದೆ. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಇಲ್ಲಿನ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ ಅಂದರು. ಅವತ್ತಿನಿಂದ ಇದೇ ತಲೆಯಲ್ಲಿದೆ.

ಇನ್ನೊಂದು ಕಾರಣವೂ ಇದೆ. ನಮ್ಮಜ್ಜಿ ಊರಿನ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು. ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಹೋಗುತ್ತಿದ್ದರು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀವುವಾಗ ಅದು ಅಳು ನಿಲ್ಲಿಸುತ್ತಿತ್ತು. ಅದನ್ನು ನೋಡುತ್ತಾ ಬೆಳೆದವಳು ನಾನು.

ನಮ್ಮ ಮನೆಯವರು ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಅತ್ತೆ ಮಾತ್ರ ಫೋನಿನಲ್ಲಿ, "ಊರಲ್ಲಿ ಕೇಳಿದವರಿಗೆ ಏನಂತ ಹೇಳೋದಮ್ಮಾ?" ಅಂದರು. ನನಗೂ ಉತ್ತರ ಹೊಳೆಯಲಿಲ್ಲ.

ಈ ವಯಸ್ಸಿನಲ್ಲಿ ಮೈ ತಡೆಯುತ್ತದಾ? ಗಂಡಸರಿಗೂ ಮಾಡಲೇಬೇಕಾ? ಮುಂದಿನ ವರ್ಷ ಟೆಕ್ಸಾಸ್‌ಗೆ ಹೋಗಬೇಕಾಗಿ ಬಂದರೆ ಓದಿದ್ದೆಲ್ಲ ದಂಡವಾ? ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಬಸವನಗುಡಿ ಹುಡುಗ (ಡಲ್ಲಾಸ್)

ಅಕ್ಕ, ನಿಮ್ಮ ಆಸೆ ತಪ್ಪು ಅಂತ ನಾನು ಹೇಳಲ್ಲ. ಆದರೆ ಬ್ಯಾಂಕಿನ ಅನುಭವ ಇದೆಯಲ್ಲ, ಮೆಡಿಕಲ್ ಬಿಲ್ಲಿಂಗ್ ನೋಡಬಹುದಲ್ವಾ? ಮನೆಯಿಂದಲೇ ಮಾಡಬಹುದು, ಮೈಗೆ ದಣಿವಿಲ್ಲ. ನನ್ನ ಹೆಂಡತಿ ಅದನ್ನೇ ಮಾಡಿದಳು, ನೆಮ್ಮದಿಯಾಗಿದ್ದಾಳೆ.

ತುಂಗಾತೀರ (ಶಾಂಬರ್ಗ್)

ಹೊಸಹಾದಿ ಅವರೇ, ನಾನು ತೀರ್ಥಹಳ್ಳಿಯವಳು. ಇಲಿನಾಯ್‌ನಲ್ಲಿ ಲೈಸೆನ್ಸ್ ತೆಗೆದುಕೊಂಡು ಆರು ವರ್ಷವಾಯಿತು. ನಾನು ಕಾಲೇಜಿಗೆ ಸೇರಿದಾಗ ನನಗೆ 41. ನಿಮ್ಮ ಪ್ರಶ್ನೆ ಓದಿ ಅಡುಗೆ ಅರ್ಧಕ್ಕೇ ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಕಾಲೇಜಿನ ವಿಷಯ. ನೇಪರ್‌ವಿಲ್‌ನವರಿಗೆ ಹತ್ತಿರದ್ದು ಗ್ಲೆನ್ ಎಲಿನ್‌ನಲ್ಲಿರುವ ಕಾಲೇಜ್ ಆಫ್ ಡ್ಯುಪೇಜ್. ಎಚ್4ನಲ್ಲಿದ್ದವರು ಓದಲು ಬೇರೆ ವೀಸಾ ಬೇಕಿಲ್ಲ. ಆ ಕಾಲೇಜಿನ ವ್ಯಾಪ್ತಿಯ ಡಿಸ್ಟ್ರಿಕ್ಟ್‌ನಲ್ಲಿ ವಾಸ ಇದ್ದೀರಿ ಅಂತ ತೋರಿಸಿದರೆ ಸ್ಥಳೀಯರ ಶುಲ್ಕ ಸಿಗುತ್ತದೆ, ಅದು ಹೊರಗಿನವರದ್ದಕ್ಕಿಂತ ತುಂಬಾ ಕಡಿಮೆ. ಆದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಎಚ್4ನವರಿಗೆ ಸಿಗಲ್ಲ. ಅದು ಮುಖ್ಯವಾಗಿ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಹಾಗಾಗಿ ಫೀಸನ್ನು ಕೈಯಿಂದಲೇ ಕಟ್ಟುವ ಲೆಕ್ಕ ಹಾಕಿಕೊಳ್ಳಿ.

ಇಲಿನಾಯ್‌ನಲ್ಲಿ ಲೈಸೆನ್ಸ್‌ಗೆ 600 ಗಂಟೆಯ ಕಲಿಕೆ ಬೇಕು. ಆಮೇಲೆ ಎಂಬ್ಲೆಕ್ಸ್ ಅನ್ನುವ ಪರೀಕ್ಷೆ. 100 ಪ್ರಶ್ನೆ, 110 ನಿಮಿಷ. ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆಯೂ ಆಗುತ್ತದೆ. ಲೈಸೆನ್ಸ್ ಬಂದ ಮೇಲೆ ಎರಡು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 24 ಗಂಟೆ ಮತ್ತೆ ಓದಬೇಕು.

ಈಗ ನಿಜವಾದ ಮಾತು. ನಾನು ಸೇರುವಾಗ ಎಣ್ಣೆ ಹಚ್ಚಿ ತಿಕ್ಕುವುದನ್ನು ಕಲಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ದಿನ ಕೈಗೆ ಬಂದದ್ದು ಮೂಳೆ ಮತ್ತು ಸ್ನಾಯುಗಳ ಪಟ್ಟಿ. ಒಂದೊಂದು ಸ್ನಾಯು ಎಲ್ಲಿ ಶುರುವಾಗುತ್ತದೆ, ಎಲ್ಲಿ ಅಂಟುತ್ತದೆ, ಏನು ಎಳೆಯುತ್ತದೆ, ಯಾವ ನರ ಅದನ್ನು ನಡೆಸುತ್ತದೆ. ಬಾಯಿಪಾಠ ಮಾಡಿ ಸಾಕಾಗಿಹೋಗಿತ್ತು. ಆಮೇಲೆ ಒಂದು ಗುಟ್ಟು ತಿಳಿಯಿತು. ಎಷ್ಟೋ ಸ್ನಾಯುಗಳ ಹೆಸರಲ್ಲೇ ವಿಳಾಸ ಇರುತ್ತದೆ. ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್ ಅಂದರೆ ಹೆದರಬೇಡಿ. ಸ್ಟರ್ನಮ್ ಅಂದರೆ ಎದೆಮೂಳೆ, ಕ್ಲಾವಿಕಲ್ ಅಂದರೆ ಕೊರಳೆಲುಬು, ಮ್ಯಾಸ್ಟಾಯ್ಡ್ ಅಂದರೆ ಕಿವಿಯ ಹಿಂದಿನ ಗುಬುಟು. ಅಲ್ಲಿಂದ ಇಲ್ಲಿಗೆ ಹೋಗುವ ಸ್ನಾಯು, ಅಷ್ಟೇ. ನಾನು ಮಕ್ಕಳಿಗೆ ಊಟ ಬಡಿಸುತ್ತಾ ಅವರ ಬೆನ್ನ ಮೇಲೆ ಬೆರಳಿಟ್ಟು ಹೆಸರು ಹೇಳುತ್ತಿದ್ದೆ. ಮಗನಿಗೆ ನನಗಿಂತ ಮೊದಲು ಬಾಯಿಗೆ ಬಂತು.

ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವ ನಮ್ಮ ಜನರಿಗೆ ಕತ್ತು ಮತ್ತು ಭುಜದ ನಡುವೆ ಒಂದು ಕಡೆ ಗಂಟು ಕಟ್ಟಿದ ಹಾಗೆ ನೋಯುತ್ತದಲ್ಲ, ಅಲ್ಲಿ ಲೆವೇಟರ್ ಸ್ಕ್ಯಾಪ್ಯುಲೆ ಅನ್ನುವ ಸ್ನಾಯು ರೆಕ್ಕೆಮೂಳೆಯ ಮೇಲಿನ ಮೂಲೆಗೆ ಬಂದು ಅಂಟುತ್ತದೆ. ಅದರ ಇನ್ನೊಂದು ತುದಿ ಕತ್ತಿನ ಮೇಲಿನ ನಾಲ್ಕು ಮೂಳೆಗಳಲ್ಲಿದೆ. ಅದು ತಿಳಿದ ದಿನ ನನಗೆ ಆದ ಖುಷಿ ಹೇಳಲಾಗದು. ನೋಯುವ ಜಾಗವನ್ನೇ ತಿಕ್ಕುತ್ತಾ ಕೂರಬೇಕಿಲ್ಲ, ಎಳೆತ ಎಲ್ಲಿಂದ ಬರುತ್ತಿದೆ ಅಂತ ಹುಡುಕಬಹುದು.

ವಯಸ್ಸಿನ ಬಗ್ಗೆ ಕೇಳಿದಿರಿ. ನಮ್ಮ ತರಗತಿಯಲ್ಲಿ 19ರ ಹುಡುಗಿಯೂ ಇದ್ದಳು, 60 ದಾಟಿದ ನಿವೃತ್ತ ಟ್ರಕ್ ಚಾಲಕರೂ ಇದ್ದರು. ಮೈ ತಡೆಯುವುದು ವಯಸ್ಸಿನ ಮೇಲಲ್ಲ, ನಿಲ್ಲುವ ರೀತಿಯ ಮೇಲೆ ನಿಂತಿದೆ. ಟೇಬಲ್ಲಿನ ಪಕ್ಕ ಕೈ ಇಳಿಬಿಟ್ಟು ನಿಂತರೆ ಬೆರಳ ಗೆಣ್ಣು ಅದಕ್ಕೆ ತಾಗಬೇಕು, ಸುಮಾರಾಗಿ ಅಷ್ಟು ಎತ್ತರ. ಒಂದು ಕಾಲು ಮುಂದೆ, ಒಂದು ಹಿಂದೆ. ಒತ್ತುವುದು ತೋಳಿನ ಬಲದಿಂದ ಅಲ್ಲ, ಮೈಭಾರವನ್ನು ಮುಂದಕ್ಕೆ ಬಿಟ್ಟು. ನಾನು ಮೊದಲ ಸೆಮಿಸ್ಟರಿನಲ್ಲಿ ಈ ಮಾತು ಕೇಳಲಿಲ್ಲ. ಎಲ್ಲವನ್ನೂ ಹೆಬ್ಬೆರಳಿನಲ್ಲೇ ಒತ್ತಿದೆ. ಹೆಬ್ಬೆರಳ ಬುಡ ಊದಿ, ಚಪಾತಿ ಲಟ್ಟಿಸಲೂ ಆಗದೆ ಐದು ವಾರ ಕುಳಿತೆ. ಹೆಬ್ಬೆರಳು ಉಳಿಸಿಕೊಳ್ಳಿ. ಮುಂಗೈ ಇದೆ, ಮೊಣಕೈ ಇದೆ, ಮುಷ್ಟಿ ಇದೆ. ವಾರಕ್ಕೆ 20ರಿಂದ 25 ಗಂಟೆ ಕೈಕೆಲಸ ಅಂದರೆ ಈ ವೃತ್ತಿಯಲ್ಲಿ ಅದೇ ಪೂರ್ತಿ ಕೆಲಸ. 40 ಗಂಟೆ ಮಾಡುತ್ತೇನೆ ಅಂತ ಹೊರಟವರು ಕೈ ಕಳೆದುಕೊಂಡು ಬಿಟ್ಟುಹೋಗಿದ್ದನ್ನು ನೋಡಿದ್ದೇನೆ.

ಬಸವನಗುಡಿಯವರೇ, ನಿಮ್ಮ ಸಲಹೆ ಒಳ್ಳೆಯದೇ. ಆದರೆ ಅಜ್ಜಿಯ ಕೈ ನೋಡುತ್ತಾ ಬೆಳೆದವರಿಗೆ ಕೈ ಸುಮ್ನೆ ಇರಲ್ಲ.

ಹೊಸಹಾದಿ (ನೇಪರ್‌ವಿಲ್)

ಅಕ್ಕ, ಇಷ್ಟು ವಿವರವಾಗಿ ಬರೆದಿರಿ. ಕಣ್ಣು ತುಂಬಿತು. ಒಂದು ವಿಷಯ ಕೇಳಲು ಸಂಕೋಚ. ತರಗತಿಯಲ್ಲಿ ಯಾರ ಮೇಲೆ ಕಲಿಯುತ್ತಾರೆ? ನಾವೂ ಬಟ್ಟೆ ತೆಗೆದು ಮಲಗಬೇಕಾ?

ತುಂಗಾತೀರ (ಶಾಂಬರ್ಗ್)

ಸಂಕೋಚ ಬೇಡ, ನಾನೂ ಇದೇ ಭಯದಲ್ಲಿ ಸೇರಿದ್ದೆ. ಹೌದು, ಒಬ್ಬರ ಮೇಲೊಬ್ಬರು ಕಲಿಯುತ್ತಾರೆ. ಇವತ್ತು ನೀವು ಮಾಡುತ್ತೀರಿ, ನಾಳೆ ನೀವು ಮಲಗುತ್ತೀರಿ. ಮಲಗದೆ ಕಲಿಯಲು ಆಗುವುದಿಲ್ಲ. ತಣ್ಣಗಿನ ಕೈ ಬೆನ್ನಿಗೆ ತಾಗಿದರೆ ಹೇಗಿರುತ್ತದೆ ಅಂತ ಗೊತ್ತಾಗುವುದು ಆಗಲೇ.

ಆದರೆ ಹೊದಿಕೆಯ ಪಾಠ ಮೊದಲು. ಎಣ್ಣೆ ಮುಟ್ಟುವುದಕ್ಕೂ ಮುಂಚೆ ಬೆಡ್‌ಶೀಟ್ ಮಡಚುವುದನ್ನು ಕಲಿಸುತ್ತಾರೆ. ಮಲಗುವವರು ತಮಗೆ ಎಷ್ಟು ಸರಿ ಅನ್ನಿಸುತ್ತದೋ ಅಷ್ಟೇ ಬಟ್ಟೆ ತೆಗೆಯುತ್ತಾರೆ, ಆಗ ನೀವು ಕೋಣೆಯ ಹೊರಗೆ ಇರುತ್ತೀರಿ. ಒಳಗೆ ಬಂದಾಗ ಅವರು ಪೂರ್ತಿ ಹೊದ್ದಿರುತ್ತಾರೆ. ಎಡಗಾಲಿಗೆ ಮಾಡುವಾಗ ಎಡಗಾಲು ಮಾತ್ರ ತೆರೆದಿರುತ್ತದೆ, ಹೊದಿಕೆಯ ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿರುತ್ತೀರಿ. ಮುಗಿದ ಕೂಡಲೇ ಮುಚ್ಚಿ ಮುಂದಕ್ಕೆ. ಪ್ರತಿ ಸಲವೂ ಇಲ್ಲಿ ಮಾಡಲಾ ಅಂತ ಕೇಳಿ, ಒಪ್ಪಿಗೆ ಪಡೆದೇ ಮಾಡಬೇಕು. ಸಂಕೋಚದ ಕೆಲವು ಹುಡುಗಿಯರು ಮೊದಲ ವಾರ ಟಿ-ಶರ್ಟ್ ಹಾಕಿಕೊಂಡೇ ಮಲಗಿದ್ದರು. ಯಾರೂ ಏನೂ ಅನ್ನಲಿಲ್ಲ.

ನಮ್ಮ ಹೆಂಗಸರಿಗೆ ಒಂದು ಕಿವಿಮಾತು. ಉಗುರು ಬೆರಳ ತುದಿ ದಾಟಬಾರದು. ಬಳೆ, ಉಂಗುರ, ವಾಚು ಎಲ್ಲ ತೆಗೆಯಬೇಕು. ತಾಳಿ ಸರ ಬಗ್ಗಿದಾಗ ಮಲಗಿದವರ ಬೆನ್ನಿಗೆ ತಾಗುತ್ತದೆ. ನಾನು ಅದನ್ನು ಒಳಗೆ ಹಾಕಿ ಪಿನ್ ಮಾಡುತ್ತಿದ್ದೆ. ಅಡುಗೆ ಒಗ್ಗರಣೆಯ ವಾಸನೆ ಬಟ್ಟೆಯಲ್ಲಿ ಇರಬಾರದು ಅಂತ ಬೇರೆ ಜೊತೆ ಬಟ್ಟೆ ಕಾರಿನಲ್ಲೇ ಇಟ್ಟಿದ್ದೆ. ಬಾದಾಮಿ ಎಣ್ಣೆ ಬಳಸುವ ಮುಂಚೆ ನಟ್ ಅಲರ್ಜಿ ಇದೆಯಾ ಅಂತ ಕೇಳಲೇಬೇಕು.

ಕ್ವೀನ್ಸ್ ಕನ್ನಡಿಗ (ನ್ಯೂಯಾರ್ಕ್)

ರಾಜ್ಯ ಬದಲಾಯಿಸುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನ್ನ ಹೆಂಡತಿ ಕ್ವೀನ್ಸ್‌ಬರೊ ಕಮ್ಯುನಿಟಿ ಕಾಲೇಜಿನಲ್ಲಿ ಇದೇ ಓದಿದ್ದಾಳೆ. ಅಲ್ಲಿ ಇದು ಎರಡು ವರ್ಷದ ಅಸೋಸಿಯೇಟ್ ಪದವಿ. ನ್ಯೂಯಾರ್ಕ್‌ನಲ್ಲಿ 1000 ಗಂಟೆ ಬೇಕು, ಮತ್ತು ಅವಳು ಬರೆದದ್ದು ಎಂಬ್ಲೆಕ್ಸ್ ಅಲ್ಲ, ರಾಜ್ಯದ್ದೇ ಬೇರೆ ಪರೀಕ್ಷೆ. ಟೆಕ್ಸಾಸ್‌ನಲ್ಲಿ 500 ಗಂಟೆ ಸಾಕು, ಹಾಗಾಗಿ ಇಲಿನಾಯ್‌ನ 600 ಇದ್ದರೆ ಗಂಟೆಯ ಲೆಕ್ಕದಲ್ಲಿ ನಿಮಗೆ ತೊಂದರೆಯಿಲ್ಲ. ಆರೆಗಾನ್‌ಗೆ 625, ಅಲ್ಲಿಗೆ ಹೋದರೆ ಸ್ವಲ್ಪ ಕೊರತೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಲೈಸೆನ್ಸ್ ಅನ್ನುವುದೇ ಇಲ್ಲ, ಅಲ್ಲಿನ ಮಂಡಳಿಯೊಂದು 500 ಗಂಟೆಯ ಮೇಲೆ ಪ್ರಮಾಣಪತ್ರ ಕೊಡುತ್ತದೆ.

ವೀಸಾದಲ್ಲಿ ಇರುವ ನಮ್ಮಂಥವರಿಗೆ ಊರು ಬದಲಾಗುವುದು ನಮ್ಮ ಕೈಯಲ್ಲಿಲ್ಲ. ಸೇರುವ ಮುಂಚೆ, ಹೋಗುವ ಸಾಧ್ಯತೆ ಇರುವ ಎರಡು ಮೂರು ರಾಜ್ಯಗಳ ನಿಯಮ ನೋಡಿಬಿಡಿ. ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಅಂತ ಬರೆದಿರುವ ಪಠ್ಯವಿವರವನ್ನು ಕಾಲೇಜಿನಿಂದ ಕೇಳಿ ಇಟ್ಟುಕೊಳ್ಳಿ. ನಾವು ಹಿಂದೆ ಇದ್ದ ಊರಿನಲ್ಲಿ ಅವಳು ಸೇರಿದ್ದ ಖಾಸಗಿ ಶಾಲೆ ಮಧ್ಯದಲ್ಲೇ ಬಾಗಿಲು ಹಾಕಿತು. ಕಾಗದ ಸಿಗದೆ ಅಷ್ಟೂ ಗಂಟೆ ಹೋಯಿತು. ಅವಳು ಮತ್ತೆ ಮೊದಲಿನಿಂದ ಓದಿದಳು.

ಇನ್ನೊಂದು ಮಾತು. ಇಎಡಿಯ ದಿನಾಂಕ ಮುಗಿದು ಹೊಸದು ಬರುವ ತನಕ ಒಂದು ಡಾಲರ್ ಕೂಡ ತೆಗೆದುಕೊಂಡು ಮಸಾಜ್ ಮಾಡಬೇಡಿ. ಪರಿಚಯದವರಿಗೆ, ಮನೆಯಲ್ಲಿ, ನಗದಿಗೆ ಅಂದರೂ ಅದು ಕೆಲಸವೇ.

ಹಾಸನದ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. ಮಗಳ ಮನೆಗೆ ನ್ಯೂಜೆರ್ಸಿಗೆ ಬಂದಿದ್ದೇನೆ. ಬೇಸರ ಮಾಡಿಕೊಳ್ಳಬೇಡಮ್ಮ. ನನ್ನ ಮಗಳು ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಕೆಲಸ ಕೀಳು ಅಂತ ಅಲ್ಲ. ಪೇಟೆಗಳಲ್ಲಿ ಮಸಾಜ್ ಅಂತ ಬೋರ್ಡ್ ಹಾಕಿ ಏನೇನೋ ನಡೆಯುತ್ತದೆ, ಪತ್ರಿಕೆಯಲ್ಲಿ ಓದುತ್ತೇವೆ. ಮುಚ್ಚಿದ ಕೋಣೆಯಲ್ಲಿ ಅಪರಿಚಿತ ಗಂಡಸಿನ ಜೊತೆ ಮಗಳು ಒಬ್ಬಳೇ ಇರುತ್ತಾಳೆ ಅಂದರೆ ತಂದೆಯ ಜೀವ ತಡೆಯುವುದಿಲ್ಲ.

ತುಂಗಾತೀರ (ಶಾಂಬರ್ಗ್)

ಮೇಷ್ಟ್ರೇ, ನಮ್ಮಪ್ಪನೂ ಹೀಗೇ ಅಂದಿದ್ದರು. ಭಯ ಸುಳ್ಳಲ್ಲ, ಅದಕ್ಕೇ ಕಾಲೇಜಿನಲ್ಲಿ ಆ ಪಾಠ ಇದೆ. ನೀತಿ, ಎಲ್ಲೆ ಮತ್ತು ಕಾನೂನು ಅನ್ನುವುದು ಎಂಬ್ಲೆಕ್ಸ್‌ನಲ್ಲೇ ಒಂದು ದೊಡ್ಡ ಭಾಗ. ಯಾರಾದರೂ ಕೆಟ್ಟ ಮಾತಾಡಿದರೆ ಏನು ಮಾಡಬೇಕು ಅಂತ ನಮ್ಮಿಂದ ನಾಟಕ ಮಾಡಿಸಿ ಕಲಿಸಿದರು. ಕೈ ತೆಗೆ, ಎರಡು ಹೆಜ್ಜೆ ಹಿಂದೆ ಸರಿ, "ಇವತ್ತಿನದು ಇಲ್ಲಿಗೆ ಮುಗಿಯಿತು" ಅನ್ನು, ಹೊರಗೆ ಬಾ. ಕಾರಣ ವಿವರಿಸಬೇಕಿಲ್ಲ. ಈ ಒಂದು ವಾಕ್ಯವನ್ನು ಗಟ್ಟಿ ಧ್ವನಿಯಲ್ಲಿ ಹೇಳಲು ನನಗೆ ನಾಲ್ಕು ಸಲ ಬೇಕಾಯಿತು. ಮೊದಲ ಮೂರು ಸಲ ಸಾರಿ ಅಂತ ಸೇರಿಸಿದ್ದೆ. ಟೀಚರ್ ತಡೆದು, ತಪ್ಪು ಮಾಡಿದ್ದು ನೀನಲ್ಲ ಅಂದರು.

ಆರು ವರ್ಷದಲ್ಲಿ ಆ ವಾಕ್ಯ ಎರಡೇ ಸಲ ಬೇಕಾಗಿದೆ. ಎರಡು ಸಲವೂ ಹೇಳಿದೆ, ಹೊರಗೆ ಬಂದೆ.

ಗಂಡಸರಿಗೆ ಮಾಡಲೇಬೇಕಾ ಅಂತ ಹೊಸಹಾದಿ ಕೇಳಿದ್ದರು. ತರಗತಿಯಲ್ಲಿ ಎಲ್ಲರ ಮೇಲೂ ಕಲಿಯಬೇಕು. ಆಮೇಲೆ ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವುದು ನಿಮ್ಮ ಆಯ್ಕೆ. ನಾನು ಬಸುರಿಯರಿಗೆ ಮತ್ತು ಬಾಣಂತಿಯರಿಗೆ ಮಾಡುವುದೇ ಜಾಸ್ತಿ. ಆದರೆ ಬೆನ್ನು ನೋವಿನ 70 ವರ್ಷದ ತಾತಂದಿರೂ ಬರುತ್ತಾರೆ. ಅವರಲ್ಲಿ ಒಬ್ಬರು, ಹೆಂಡತಿ ತೀರಿಕೊಂಡ ಮೇಲೆ ಯಾರೂ ತನ್ನನ್ನು ಮುಟ್ಟಿರಲಿಲ್ಲ ಅಂತ ಹೇಳಿ ಅತ್ತುಬಿಟ್ಟರು. ಅಂಥವರನ್ನು ಗಂಡಸು ಅಂತ ಹೇಗೆ ಬಿಡಲಿ ಮೇಷ್ಟ್ರೇ?

ಮೈಸೂರು ಫಿಸಿಯೊ

ಇಲ್ಲಿನ ಚರ್ಚೆ ಓದಿ ಸಂತೋಷವಾಯಿತು. ನಾನು ಬಿಪಿಟಿ ಮಾಡಿ ಮೈಸೂರಿನಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ನಮ್ಮಲ್ಲಿ ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಕಡೆ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದುವವರು ಮಸಾಜನ್ನು ವೈದ್ಯಕೀಯ ಪಾಠದ ಜೊತೆಗೇ ಕಲಿಯುತ್ತಾರೆ. ಅದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕದ ಕೋರ್ಸ್ ಅಷ್ಟು ಉದ್ದದ್ದಲ್ಲ, ಅದರ ಗುರಿಯೂ ಬೇರೆ. ಮಸಾಜ್ ಥೆರಪಿಸ್ಟ್ ರೋಗ ಇದು ಅಂತ ಹೇಳುವಂತಿಲ್ಲ, ಔಷಧ ಕೊಡುವಂತಿಲ್ಲ. ಆ ಗೆರೆ ಗೊತ್ತಿರಬೇಕು.

ಹೊಸಹಾದಿ ಅವರೇ, ನಿಮ್ಮ ಅಜ್ಜಿಯ ಬಗ್ಗೆ ಬರೆದಿದ್ದು ಮನಸ್ಸಿಗೆ ತಟ್ಟಿತು. ಆ ಕೈಗಳಿಗೆ ಗೊತ್ತಿದ್ದದ್ದು ಬಹಳ. ಗೊತ್ತಿಲ್ಲದೇ ಇದ್ದದ್ದು ಒಂದಿದೆ, ಅದನ್ನು ಕಾಲೇಜಿನಲ್ಲಿ ಗಮನವಿಟ್ಟು ಕಲಿಯಿರಿ. ಯಾವಾಗ ಮುಟ್ಟಬಾರದು ಅನ್ನುವುದು. ಹೆರಿಗೆಯಾದ ಮೊದಲ ಆರು ವಾರ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ದೊಡ್ಡ ಆಪರೇಷನ್ ಆದವರಿಗೆ, ತುಂಬಾ ಹೊತ್ತು ಕೂತೇ ಪ್ರಯಾಣ ಮಾಡಿದವರಿಗೆ ಕೂಡ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ಒತ್ತಬಾರದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಮ್ಮ ಮನೆಗಳಲ್ಲಿ ನೋವು ಅಂದ ಕೂಡಲೇ ಮೊದಲು ಮಾಡುವುದೇ ಒತ್ತುವುದು. ಅದಕ್ಕೇ ಹೇಳುತ್ತಿದ್ದೇನೆ. ಜ್ವರ ಇದ್ದಾಗ, ಚರ್ಮಕ್ಕೆ ಸೋಂಕು ಇದ್ದಾಗಲೂ ಬೇಡ. ಕತ್ತಿನ ಮುಂಭಾಗ, ಮೊಣಕಾಲ ಹಿಂದಿನ ಗುಳಿ, ಕಂಕುಳು, ಇಲ್ಲೆಲ್ಲ ನಾಳ ಮತ್ತು ನರ ಚರ್ಮಕ್ಕೆ ತುಂಬಾ ಹತ್ತಿರ ಇರುತ್ತವೆ.

ಮಸಾಜ್ ಮಾಡಿದರೆ ಮೈಯ ವಿಷ ಹೊರಗೆ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ದಯವಿಟ್ಟು ಗ್ರಾಹಕರಿಗೆ ಹೇಳಬೇಡಿ. ಆ ಕೆಲಸ ಪಿತ್ತಜನಕಾಂಗ ಮತ್ತು ಮೂತ್ರಪಿಂಡದ್ದು. ನೋವು ಕಡಿಮೆಯಾಗುತ್ತದೆ, ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ. ಇಷ್ಟು ಸಾಲದಾ?

ಹುಬ್ಬಳ್ಳಿ ಅಕ್ಕಮ್ಮ (ಫೀನಿಕ್ಸ್)

ಎಲ್ಲಾರೂ ಎಲ್ಲಾ ಹೇಳಿದಿರಿ, ದುಡ್ಡಿನ ಮಾತು ಯಾರೂ ತೆಗೆಯಲಿಲ್ಲ ನೋಡ್ರಿ. ಇಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಮೇ ತಿಂಗಳ ಲೆಕ್ಕದಲ್ಲಿ ಮಸಾಜ್ ಥೆರಪಿಸ್ಟ್‌ಗಳ ನಡುಮಟ್ಟದ ವರ್ಷದ ಗಳಿಕೆ 55,310 ಡಾಲರ್. ಅರ್ಧ ಮಂದಿಗೆ ಅದಕ್ಕಿಂತ ಜಾಸ್ತಿ, ಅರ್ಧ ಮಂದಿಗೆ ಕಡಿಮೆ. ನಾನು ಮೊದಲನೇ ವರ್ಷ ಅದರ ಅರ್ಧವೂ ಗಳಿಸಲಿಲ್ಲ. ಗ್ರಾಹಕರು ಕಟ್ಟಿಕೊಳ್ಳಲು ಟೈಮ್ ಬೇಕು. ಕೆಲಸಕ್ಕೆ ಸೇರುವಾಗ ಒಂದು ಮಾತು ಸ್ಪಷ್ಟ ಕೇಳ್ರಿ. ನಾನು ನೌಕರಳೋ, ಗುತ್ತಿಗೆಯವಳೋ? ಗುತ್ತಿಗೆ ಅಂದರೆ ತೆರಿಗೆ ಪೂರ್ತಿ ನೀವೇ ಕಟ್ಟಬೇಕು. ಗ್ರಾಹಕರು ಬರದ ಹೊತ್ತಿಗೆ ಸಂಬಳ ಇದೆಯೋ ಇಲ್ಲವೋ, ಶೀಟ್ ಒಗೆಯುವ ಹೊತ್ತಿಗೆ ಇದೆಯೋ ಇಲ್ಲವೋ, ಅದನ್ನೂ ಕೇಳ್ರಿ. ನಾನು ಕೇಳಲಿಲ್ಲ. ಒಂದು ಕಡೆ ಎಂಟು ತಿಂಗಳು ದಿನಾ ಎರಡು ತಾಸು ಸುಮ್ಮನೆ ಶೀಟ್ ಒಗೆದೆ.

ಹೊಸಹಾದಿ (ನೇಪರ್‌ವಿಲ್), ಹತ್ತು ತಿಂಗಳ ನಂತರ

ಎಲ್ಲರಿಗೂ ಮತ್ತೆ ನಮಸ್ಕಾರ. ಸೇರಿಬಿಟ್ಟೆ. ಒಂದು ಸೆಮಿಸ್ಟರ್ ಮುಗಿದು ಎರಡನೆಯದು ನಡೆಯುತ್ತಿದೆ. ತಾಳಿಗೆ ಪಿನ್ ಹಾಕುತ್ತೇನೆ, ಹೆಬ್ಬೆರಳು ಚೆನ್ನಾಗಿದೆ. ರೋಗಗಳ ಪಾಠದಲ್ಲಿ ಮೊದಲ ಪರೀಕ್ಷೆ ಫೇಲಾಗಿದ್ದೆ, ಎರಡನೆಯದರಲ್ಲಿ 91 ಬಂತು.

ಮೈಸೂರು ಫಿಸಿಯೊ ಸರ್, ಇದನ್ನು ಬರೆಯುತ್ತಿರುವುದು ನಿಮಗಾಗಿ. ಹೋದ ತಿಂಗಳು ಅತ್ತೆ ಬಂದರು. ಬೆಂಗಳೂರಿನಿಂದ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ದಿನ. ದಾರಿಯಲ್ಲಿ ಬಾತ್‌ರೂಮಿಗೆ ಹೋಗುವ ಕಷ್ಟಕ್ಕೆ ನೀರೂ ಕುಡಿಯದೆ ಕೂತಿದ್ದರಂತೆ. ಮೂರನೇ ದಿನ ಬೆಳಿಗ್ಗೆ ಎಡಗಾಲು ನೋವು ಅಂದರು. ಕೊಬ್ಬರಿ ಎಣ್ಣೆ ಬಟ್ಟಲು ಅವರೇ ತಂದು ನನ್ನ ಮುಂದಿಟ್ಟು, "ಅದನ್ನೇ ಓದ್ತಿದ್ದೀಯಲ್ಲಮ್ಮ, ಸ್ವಲ್ಪ ನೀವಿ ಕೊಡು" ಅಂದರು. ಅತ್ತೆ ನನ್ನ ಓದಿನ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ನನ್ನ ಕೈ ಎಣ್ಣೆಯ ತನಕ ಹೋಗಿತ್ತು.

ಸೀರೆ ಸ್ವಲ್ಪ ಸರಿಸಿ ಎರಡೂ ಕಾಲು ಪಕ್ಕಪಕ್ಕ ನೋಡಿದೆ. ಎಡ ಮೀನಖಂಡ ದಪ್ಪಗಿತ್ತು. ಕೈಯ ಹಿಂಭಾಗ ಹತ್ತಿರ ಹಿಡಿದೆ, ಬಿಸಿ. ಇಲ್ಲ ಅತ್ತೆ, ಇದನ್ನು ಮುಟ್ಟಲ್ಲ, ಆಸ್ಪತ್ರೆಗೆ ಹೋಗೋಣ ಅಂದೆ. ಅವರಿಗೆ ಬೇಜಾರಾಯಿತು. ಕೇಳಿದ್ದಕ್ಕೆ ಇಷ್ಟೂ ಮಾಡಲ್ವಾ ಅಂದರು. ನಮ್ಮ ಮನೆಯವರೂ, ಸುಮ್ನೆ ಗಾಬರಿ ಮಾಡಬೇಡ ಅಂದರು. ನಾನು ಕಾರಿನ ಕೀ ತೆಗೆದುಕೊಂಡೆ.

ಅಲ್ಟ್ರಾಸೌಂಡ್‌ನಲ್ಲಿ ಹೆಪ್ಪು ಕಂಡಿತು. ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದರು. ಈಗ ಚೆನ್ನಾಗಿದ್ದಾರೆ, ದಿನಾ ಮಗನ ಜೊತೆ ಪಾರ್ಕಿಗೆ ನಡೆದುಹೋಗುತ್ತಾರೆ. ನೀವು ಅಂದು ಆ ಮಾತು ಬರೆಯದಿದ್ದರೆ ನಾನು ತರಗತಿಯಲ್ಲಿ ಅಷ್ಟು ಕಿವಿಗೊಟ್ಟು ಕೇಳುತ್ತಿದ್ದೆನೋ ಇಲ್ಲವೋ ಸರ್.

ನಿನ್ನೆ ಅತ್ತೆ ತಿಪಟೂರಿಗೆ ಫೋನ್ ಮಾಡಿ ತಂಗಿಯ ಜೊತೆ ಮಾತಾಡುತ್ತಿದ್ದರು. ಸೊಸೆ ಏನು ಮಾಡ್ತಿದ್ದಾಳೆ ಅಂತ ಆ ಕಡೆಯಿಂದ ಕೇಳಿರಬೇಕು. "ಮಸಾಜ್ ಓದ್ತಿದ್ದಾಳೆ ಕಣೆ, ಕಾಲೇಜಲ್ಲಿ" ಅಂದರು. ದನಿ ತಗ್ಗಿಸದೆ ಅಂದರು.

ಮುಂದಿನ ಸೋಮವಾರದಿಂದ ವಿದ್ಯಾರ್ಥಿ ಕ್ಲಿನಿಕ್ ಶುರು, ಹೊರಗಿನವರು ಬರುತ್ತಾರೆ. ತುಂಗಾತೀರ ಅಕ್ಕ, ಮನೆಯಲ್ಲಿ ಅಭ್ಯಾಸಕ್ಕೆ ಟೇಬಲ್ ತಗೊಳ್ಳಬೇಕು. ಮರದ್ದಾ, ಅಲ್ಯೂಮಿನಿಯಂದಾ?

ತುಂಗಾತೀರ (ಶಾಂಬರ್ಗ್)

ಅತ್ತೆಗೆ ನನ್ನ ನಮಸ್ಕಾರ ಹೇಳಿ. ಮನೆಯಲ್ಲೇ ಇಡುವುದಾದರೆ ಮರದ್ದು, ಅಲುಗಾಡುವುದು ಕಡಿಮೆ. ಕಾರಿನಲ್ಲಿ ಒಯ್ಯುವುದಾದರೆ ಅಲ್ಯೂಮಿನಿಯಂ, ಹಗುರ. ಎತ್ತರ ಬದಲಿಸಲು ಆಗುತ್ತದಾ ಅಂತ ಮೊದಲು ನೋಡಿ. ಹೊಸದು ತಗೊಳ್ಳಬೇಡಿ, ನನ್ನ ಹಳೆಯ ಟೇಬಲ್ ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿದೆ. ಶನಿವಾರ ಬಂದು ತಗೊಂಡು ಹೋಗಿ. ಊಟಕ್ಕೆ ಬನ್ನಿ, ಅತ್ತೆಯನ್ನೂ ಕರೆದುಕೊಂಡು ಬನ್ನಿ.